44ನೇ ವಯಸ್ಸಿನಲ್ಲಿ ಸ್ಕೀ ಕಲಿಯಬೇಕು ಅಂತಿದ್ದೇನೆ. ಗುಲ್ಮಾರ್ಗ್‌ಗೆ ಒಂದು ದಿನ ಸಾಕಾ?

ಹಾಸನದವಳು · ನವೆಂಬರ್ 18

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾನು, ನಮ್ಮ ಯಜಮಾನರು, 13 ವರ್ಷದ ಮಗಳು ಕಾಶ್ಮೀರಕ್ಕೆ ಹೊರಟಿದ್ದೇವೆ. ಎಂಟು ದಿನ ರಜೆ ಸಿಕ್ಕಿದೆ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ಶ್ರೀನಗರ, ಸೋನ್‌ಮಾರ್ಗ್, ದೂಧ್‌ಪಥ್ರಿ ಎಲ್ಲ ಇದೆ. ಗುಲ್ಮಾರ್ಗ್‌ಗೆ ಮಾತ್ರ ಒಂದೇ ದಿನ. ಬೆಳಿಗ್ಗೆ ಹೋಗಿ ಸಂಜೆ ವಾಪಸ್.

ನನಗೆ ನಿಜವಾಗಿ ಬೇಕಿರುವುದು ಸ್ಕೀ. ಚಿಕ್ಕವಳಿದ್ದಾಗ ಟಿವಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನೋಡಿದಾಗಿನಿಂದ ಮನಸ್ಸಿನಲ್ಲಿರುವ ಆಸೆ. ಹಿಮವನ್ನು ಇಲ್ಲಿಯವರೆಗೆ ಕೈಯಲ್ಲಿ ಮುಟ್ಟಿಲ್ಲ.

ಒಂದು ದಿನದಲ್ಲಿ ಏನಾದರೂ ಕಲಿಯಬಹುದಾ? ಈ ವಯಸ್ಸಿಗೆ ಮಂಡಿ ತಡೆಯುತ್ತದಾ? ನಮ್ಮ ಭಾವ ಹೋಗಿ ಬಂದವರು. "ಗೊಂಡೊಲಾ ಕೇಬಲ್ ಕಾರಿನಲ್ಲಿ ಸೀದಾ ಮೇಲಕ್ಕೆ ಹೋಗಿ, ಅಲ್ಲೇ ಸ್ಕೀ ಬಾಡಿಗೆಗೆ ಕೊಡುತ್ತಾರೆ" ಅಂತಾರೆ. ಅದು ಸರಿನಾ? ಇಲ್ಲ, ಉತ್ತರಾಖಂಡದ ಔಲಿ ವಾಸಿನಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬಸವನಗುಡಿ ಹುಡುಗ · ನವೆಂಬರ್ 18

ಅಕ್ಕಾ, ಆ ಪಟ್ಟಿಯನ್ನು ಇವತ್ತೇ ವಾಪಸ್ ಕೊಟ್ಟುಬಿಡಿ. ಕಲಿಯುವ ಆಸೆ ಇದ್ದರೆ ಒಂದು ದಿನ ಸಾಲುವುದಿಲ್ಲ.

ಒಂದು ದಿನಕ್ಕೆ ಹೋದವರಿಗೆ ಆಗುವುದು ಇಷ್ಟು. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ಹಿಮ ಬಿದ್ದಿದ್ದರೆ ಟಂಗ್‌ಮಾರ್ಗ್‌ನಲ್ಲಿ ನಿಮ್ಮ ಕಾರು ನಿಲ್ಲುತ್ತದೆ. ಅಲ್ಲಿಂದ ಕೊನೆಯ 13 ಕಿಲೋಮೀಟರ್ ಏರು ದಾರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಹಿಡಿಯಬೇಕು. ಮೇಲೆ ತಲುಪುವಾಗ ಹನ್ನೊಂದು ಗಂಟೆ. ಇಳಿದ ಕೂಡಲೇ ಸ್ಲೆಡ್ಜ್‌ನವರು, ಬೂಟು ಬಾಡಿಗೆಯವರು, ಗೈಡ್‌ಗಳು ಸುತ್ತಿಕೊಳ್ಳುತ್ತಾರೆ. ಯಾರೋ ಒಬ್ಬರು ಕಾಲಿಗೆ ಸ್ಕೀ ಕಟ್ಟಿ, ಕೈ ಹಿಡಿದು ಐವತ್ತು ಅಡಿ ಜಾರಿಸಿ, ನಾಲ್ಕು ಫೋಟೊ ತೆಗೆದು ಕಳಿಸುತ್ತಾರೆ. ಪಾಪ, ಅವರಿಗೂ ಅದೇ ಹೊಟ್ಟೆಪಾಡು. ಆದರೆ ಅದು ಕಲಿಕೆ ಅಲ್ಲ.

ನಾನು ಗುಲ್ಮಾರ್ಗ್‌ನಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನಿಯರಿಂಗ್‌ನಲ್ಲಿ ಕಲಿತವನು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಂಸ್ಥೆ. ಊಟ, ವಸತಿ, ಸಾಮಾನು, ಕಲಿಸುವವರು ಎಲ್ಲ ಸೇರಿ ಕೋರ್ಸ್ ನಡೆಸುತ್ತಾರೆ. ಜಾಗ ಬೇಗ ತುಂಬಿಹೋಗುತ್ತದೆ. ಅವರ ತಾರೀಕು ಹೊಂದದಿದ್ದರೆ ಗುಲ್ಮಾರ್ಗ್‌ನಲ್ಲೇ ಐದಾರು ದಿನ ರೂಮ್ ಮಾಡಿ, ಒಬ್ಬರೇ ಉಸ್ತಾದ್‌ರನ್ನು, ಅಂದರೆ ಕಲಿಸುವವರನ್ನು, ಅಷ್ಟೂ ದಿನಕ್ಕೆ ಗೊತ್ತು ಮಾಡಿಕೊಳ್ಳಿ. ದಿನಕ್ಕೊಬ್ಬರು ಬದಲಾದರೆ ದಿನವೂ ಮೊದಲ ಪಾಠವೇ ಆಗುತ್ತದೆ.

ಇನ್ನು ಗೊಂಡೊಲಾ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಹೆಚ್ಚಿನವರು ತಪ್ಪು ಮಾಡುವುದು.

ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 1,900 ಚಿಲ್ಲರೆ, ಅಂದರೆ ನೀವು ಕಾರಿನಿಂದ ಇಳಿಯುವ ಜಾಗವೇ ಅದಕ್ಕಿಂತ ಎಷ್ಟೋ ಮೇಲೆ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಗೆ ಹೋಗುತ್ತದೆ, ಸುಮಾರು 3,100 ಮೀಟರ್. ಎರಡನೇ ಹಂತ ಅಫರ್‌ವತ್ ಬೆಟ್ಟದ ಹೆಗಲಿಗೆ, 3,900 ದಾಟುತ್ತದೆ. ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟ ಹಾಗೆ.

ಹೊಸಬರು ಕಲಿಯುವ ಜಾಗ ಇದ್ಯಾವುದೂ ಅಲ್ಲ. ಊರ ನಡುವೆ ಗಾಲ್ಫ್ ಮೈದಾನ ಇದೆ. ಚಳಿಗಾಲದಲ್ಲಿ ಅದೆಲ್ಲ ಬಿಳಿ. ಅದರ ಅಂಚಿನ ಸಣ್ಣ ಇಳಿಜಾರುಗಳೇ ನಿಮ್ಮ ಶಾಲೆ. ಪುಟ್ಟ ಎಳೆಯುವ ಲಿಫ್ಟ್‌ಗಳೂ ಅಲ್ಲೇ ಇವೆ. ಅಫರ್‌ವತ್‌ನಿಂದ ಕೆಳಗೆ ಬರುವುದು ಹದ ಮಾಡಿದ ದಾರಿ ಅಲ್ಲ. ಯುರೋಪಿನ ಹಾಗೆ ಯಂತ್ರ ಓಡಿಸಿ ಹಿಮವನ್ನು ಚಪ್ಪಟೆ ಮಾಡಿರುವುದಿಲ್ಲ. ಕಡಿದಾದ ಇಳುಕಲು, ಮಂಡಿಯವರೆಗೆ ಹಿಮ. ಅದಕ್ಕಾಗಿಯೇ ಪ್ರಪಂಚದ ಮೂಲೆಮೂಲೆಯಿಂದ ಪಳಗಿದವರು ಅಲ್ಲಿಗೆ ಬರುತ್ತಾರೆ. ಗೊಂಡೊಲಾದ ನೇರ ಕೆಳಗಿನ ಬಯಲನ್ನು ಮಾತ್ರ ಸ್ಕೀ ಪ್ಯಾಟ್ರೋಲ್ ಅನ್ನುವ ಕಾವಲಿನವರು ನೋಡಿಕೊಳ್ಳುತ್ತಾರೆ. ಅದರಾಚೆ ನಿಮ್ಮ ಜೀವ ನಿಮ್ಮ ಕೈಯಲ್ಲಿ.

ಭಾವನವರಿಗೆ ಬೇಜಾರಾಗದ ಹಾಗೆ ಹೇಳಿ: ಎರಡನೇ ಹಂತಕ್ಕೆ ನೋಡುವುದಕ್ಕೆ ಹೋಗಬಹುದು, ಗೊಂಡೊಲಾದಲ್ಲೇ ವಾಪಸ್ ಬರಬೇಕು.

ರಾಜಾಜಿನಗರ ರೈಡರ್ · ನವೆಂಬರ್ 19

ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದೀರಾ ಅನ್ನಿಸಿತು. ನಾನು ಮೂರನೇ ದಿನಕ್ಕೇ ಎರಡನೇ ಹಂತದಿಂದ ಇಳಿದೆ. ಬಿದ್ದೆ, ಎದ್ದೆ, ಬಂದೆ. ಏನೂ ಆಗಲಿಲ್ಲ.

ಬಸವನಗುಡಿ ಹುಡುಗ · ನವೆಂಬರ್ 19

ಏನೂ ಆಗಲಿಲ್ಲ ಅನ್ನುವುದು ಒಳ್ಳೆಯದೇ, ಸಂತೋಷ. ಆದರೆ 2023ರ ಫೆಬ್ರವರಿಯಲ್ಲಿ ಅಫರ್‌ವತ್‌ನಲ್ಲಿ ಹಿಮಕುಸಿತವಾಗಿ ಪೋಲೆಂಡಿನ ಇಬ್ಬರು ಸತ್ತರು. ಮರುವರ್ಷ ಅದೇ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಅವರು ಯಾರೂ ಮೊನ್ನೆ ಸ್ಕೀ ಕಟ್ಟಿದವರಲ್ಲ. ದೊಡ್ಡ ಹಿಮ ಬಿದ್ದ ಮರುದಿನ ಮೇಲಿನ ಪದರ ಕೆಳಗಿನ ಪದರಕ್ಕೆ ಇನ್ನೂ ಅಂಟಿರುವುದಿಲ್ಲ. ಒಬ್ಬ ಸ್ಕೀ ಮಾಡುವವನ ಭಾರವೇ ಸಾಕು, ಇಡೀ ಇಳಿಜಾರು ಚಪ್ಪಡಿಯ ಹಾಗೆ ಒಡೆದು ಹೊರಡುತ್ತದೆ. ಅಲ್ಲಿ ಇಳಿಯುವವರು ಮೈಮೇಲೆ ಹಿಮದಡಿ ಸಿಕ್ಕವರನ್ನು ಹುಡುಕುವ ಟ್ರಾನ್ಸೀವರ್, ಬೆನ್ನಲ್ಲಿ ಸಲಿಕೆ, ಚುಚ್ಚಿ ನೋಡುವ ಉದ್ದ ಕೋಲು ಇಟ್ಟುಕೊಂಡಿರುತ್ತಾರೆ. ಬಳಸಲು ಬರುವ ಜೊತೆಗಾರರೂ ಬೇಕು. 13 ವರ್ಷದ ಮಗು ಜೊತೆಗಿರುವ ತಾಯಿಗೆ ನಾನು ಬೇರೆ ಮಾತು ಹೇಳಲಾರೆ.

ರಾಜಾಜಿನಗರ ರೈಡರ್ · ನವೆಂಬರ್ 19

ಒಪ್ಪಿದೆ ಗುರೂ. ಮಗು ಇದೆ ಅನ್ನುವುದನ್ನು ನಾನು ಗಮನಿಸಲಿಲ್ಲ. ಅಕ್ಕ, ಮೇಲಿನದನ್ನು ಬಿಡಿ.

ಹುಬ್ಬಳ್ಳಿ ಮಂದಿ · ನವೆಂಬರ್ 19

ಔಲಿ ಬಗ್ಗೆ ನಾ ಹೇಳ್ತೀನ್ರೀ. ನಾನು ಗಢವಾಲ್ ಮಂಡಲ್ ವಿಕಾಸ್ ನಿಗಮದ ಏಳು ದಿನದ ಕೋರ್ಸ್ ಅಲ್ಲೇ ಮಾಡಿದ್ದು. ಕಲಿಯುವವರಿಗೆ ಔಲಿ ಇಳಿಜಾರು ಬಹಳ ಛಲೋ. ಉದ್ದಕ್ಕೆ, ಒಂದೇ ಸಮ. ಎದುರಿಗೆ ನಂದಾದೇವಿ ಕಾಣುತ್ತದೆ. ಬೆಳಿಗ್ಗೆ ಬಿಸಿಲು ಅದರ ನೆತ್ತಿಗೆ ಬೀಳುವಾಗ ನಾವೆಲ್ಲ ಸ್ಕೀ ಹೆಗಲ ಮೇಲೆ ಹಾಕಿಕೊಂಡು ಹತ್ತುತ್ತಿದ್ದೆವು.

ಆದರೆ ಎರಡು ತೊಂದರೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿಯಿತಲ್ಲ, ಆಗ ಜೋಶಿಮಠ-ಔಲಿ ರೋಪ್‌ವೇ ನಿಲ್ಲಿಸಿದರು. ರಸ್ತೆಯಲ್ಲೇ ಹೋಗಬೇಕು. ಹೃಷಿಕೇಶದಿಂದ ಜೋಶಿಮಠಕ್ಕೇ ಒಂದು ಇಡೀ ದಿನದ ಪಯಣ. ನಿಮ್ಮ ಎಂಟು ದಿನದಲ್ಲಿ ಹೋಗಿಬರುವುದಕ್ಕೇ ಮೂರು ದಿನ ತಿಂದುಹಾಕುತ್ತದೆ. ಎರಡನೆಯದು ಹಿಮದ ಖಾತ್ರಿ. ಗುಲ್ಮಾರ್ಗ್‌ಗಿಂತ ಅಲ್ಲಿ ಕಡಿಮೆ.

ಮನಾಲಿ ಹತ್ತಿರದ ಸೋಲಂಗ್‌ನಲ್ಲೂ ಕಲಿಸುತ್ತಾರೆ. ಮನಾಲಿಯ ಪರ್ವತಾರೋಹಣ ಸಂಸ್ಥೆಯ ಕೋರ್ಸ್‌ಗೆ ಒಳ್ಳೆ ಹೆಸರಿದೆ. ಸುಮ್ನೆ ಹೋದರೆ ಮಾತ್ರ ಸೋಲಂಗ್‌ನಲ್ಲಿ ಜನಜಾತ್ರೆ.

ಹಾಸನದವಳು · ನವೆಂಬರ್ 20

ಎಲ್ಲರಿಗೂ ಧನ್ಯವಾದ. ಸೋನ್‌ಮಾರ್ಗ್, ದೂಧ್‌ಪಥ್ರಿ ಎರಡನ್ನೂ ಕೈಬಿಟ್ಟೆವು. ಗುಲ್ಮಾರ್ಗ್‌ನಲ್ಲೇ ಐದು ರಾತ್ರಿ. ಯಜಮಾನರು "ನಾನು ರೂಮಿನಲ್ಲಿ ಬುಖಾರಿ ಒಲೆ ಪಕ್ಕ ಕೂತು ಓದುತ್ತೇನೆ, ನೀವಿಬ್ಬರೂ ಕಲಿಯಿರಿ" ಅಂದರು. ಸಂಸ್ಥೆಯ ಕೋರ್ಸ್ ತಾರೀಕು ಹೊಂದಲಿಲ್ಲ. ಖಾಸಗಿಯಾಗಿ ಒಬ್ಬ ಉಸ್ತಾದರನ್ನು ಹುಡುಕುತ್ತೇವೆ.

ಹಿಮದ ಖಾತ್ರಿ ಅಂದಿರಲ್ಲ. ಫೆಬ್ರವರಿ ಸರಿಯಾದ ಕಾಲವಾ?

ಬಸವನಗುಡಿ ಹುಡುಗ · ನವೆಂಬರ್ 20

ಸರಿಯಾದ ಕಾಲವೇ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲಾ-ಎ-ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಕ್ಕ ಚಳಿ, ಕೊನೆಗೆ 10 ದಿನ ಮರಿ ಚಳಿ. ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಇದ್ದ ಹಾಗೆ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂತು, ಮೇಲೆ ಹೊಸದು ಬೀಳುತ್ತಿರುವ ಸಮಯ ಫೆಬ್ರವರಿ.

ಆದರೂ ಖಾತ್ರಿ ಅನ್ನುವ ಪದ ಈಗ ಯಾರೂ ಬಳಸುವ ಹಾಗಿಲ್ಲ. ಅಲ್ಲಿಗೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ಹವಾಮಾನದ ಸುದ್ದಿಯಲ್ಲಿ ಕೇಳಿರುತ್ತೀರಿ. ಅವು ತಡವಾದರೆ ಎಲ್ಲವೂ ತಡ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೆ ಗುಲ್ಮಾರ್ಗ್‌ನ ಮೈದಾನ ಕಂದು ಬಣ್ಣಕ್ಕಿತ್ತು. 2025ರಲ್ಲಿ ಫೆಬ್ರವರಿಗೆ ಇಟ್ಟಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಇಲ್ಲ ಅಂತ ಮಾರ್ಚ್‌ಗೆ ಹಾಕಿದರು. ಆ ಎರಡೂ ವರ್ಷ ಅಲ್ಲಿನ ಸ್ನೇಹಿತರಿಗೆ ಫೋನ್ ಮಾಡಿದಾಗ ಅವರ ದನಿಯಲ್ಲಿದ್ದ ಸಂಕಟ ನನಗೆ ಮರೆಯಲು ಆಗುತ್ತಿಲ್ಲ. ಚಳಿಗಾಲದ ಆ ಮೂರು ತಿಂಗಳ ದುಡಿಮೆಯಲ್ಲೇ ವರ್ಷ ಕಳೆಯುವವರು ಅವರು. ಮಳೆ ಕೈಕೊಟ್ಟ ವರ್ಷ ನಮ್ಮ ರೈತರು ಆಕಾಶ ನೋಡುವ ಹಾಗೆಯೇ ಅವರೂ ನೋಡುತ್ತಾರೆ.

ವಿಮಾನದ ಟಿಕೆಟ್ ಬದಲಾಯಿಸುವ ಹಾಗೆ ಇರಲಿ. ಹಿಮ ಸುರಿದರೆ ಶ್ರೀನಗರದ ವಿಮಾನ ರದ್ದಾಗುವುದುಂಟು. ಇನ್ನೊಂದು: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ.

ಸನ್ನಿವೇಲ್‌ನಲ್ಲಿರುವ ಸಾಗರದವ · ನವೆಂಬರ್ 21

ಕ್ಯಾಲಿಫೋರ್ನಿಯಾದಿಂದ ಒಂದು ಮಾತು ಸೇರಿಸುತ್ತೇನೆ. ನಾನು 38ರಲ್ಲಿ ಶುರು ಮಾಡಿದವನು. ಇಲ್ಲಿ ನಮಗೆ ಟಾಹೋ ಸರೋವರದ ಸುತ್ತಲಿನ ಬೆಟ್ಟಗಳೇ ಗತಿ. ದಾರಿ ಸರಿ ಇದ್ದರೆ ನಾಲ್ಕು ಗಂಟೆ, ಬಿರುಗಾಳಿ ಇದ್ದ ಭಾನುವಾರ ಎಂಟು ಗಂಟೆಯೂ ಆಗುತ್ತದೆ.

ಅಕ್ಕಾ, ಮೊದಲ ದಿನ ನೀವು ಎದುರಿಸುವುದು ಬೆಟ್ಟವನ್ನಲ್ಲ, ಬೂಟನ್ನು. ಸ್ಕೀ ಬೂಟು ಕಲ್ಲಿನಷ್ಟು ಗಟ್ಟಿ. ಬಾಡಿಗೆ ಅಂಗಡಿಯಲ್ಲಿ "ಆರಾಮಾಗಿದೆ" ಅನ್ನಿಸಿದ ಬೂಟು ದೊಡ್ಡದು ಅಂತಲೇ ಅರ್ಥ. ನನಗೆ ಮೊದಲ ಸಲ ಒಂದು ಅಂಗಡಿಯವರು ಎರಡು ಸೈಜ್ ದೊಡ್ಡದು ಕೊಟ್ಟಿದ್ದರು. ಒಳಗೆ ಕಾಲು ಓಡಾಡುತ್ತಿತ್ತು, ನಾನು ಒಂದು ಹೇಳಿದರೆ ಸ್ಕೀ ಇನ್ನೊಂದು ಕೇಳುತ್ತಿತ್ತು. ನೋಡುವ ಕ್ರಮ ಹೀಗಿದೆ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ತಾಗಬೇಕು. ಮಂಡಿ ಬಗ್ಗಿಸಿ ಮುಂದೆ ಒರಗಿದಾಗ ಬೆರಳು ಒಂಚೂರು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಒಂದೇ ಜೊತೆ ತೆಳು ಉಣ್ಣೆ ಕಾಲುಚೀಲ, ಮಂಡಿಯ ಹತ್ತಿರದವರೆಗೆ ಬರುವಂಥದ್ದು. ಚಳಿ ಅಂತ ಎರಡು ಜೊತೆ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಮಧ್ಯಾಹ್ನದ ಹೊತ್ತಿಗೆ ತಗಡಿನ ಹಾಗೆ ಸೆಟೆದುಕೊಳ್ಳುತ್ತದೆ.

ಕಲಿಯುವಾಗ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ. ಹೆದರಿಕೆಯಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂದಿನ ಭಾಗಕ್ಕೆ ಹಿಡಿತ ತಪ್ಪಿ ಅದು ಇನ್ನೂ ಜೋರಾಗಿ ಓಡುತ್ತದೆ. ಅದನ್ನು ನೋಡಿ ಹೆದರಿಕೆ ಇನ್ನೂ ಜಾಸ್ತಿ. ಮಂಡಿಯ ಕೆಳಗೆ ಕಾಲಿನ ಮುಂದಿನ ಎಲುಬು ಬೂಟಿನ ನಾಲಿಗೆಗೆ ಒತ್ತಿಕೊಂಡೇ ಇರಬೇಕು. ಒತ್ತು ತಪ್ಪಿತು ಅಂದರೆ ನೀವು ಹಿಂದೆ ಹೋಗಿದ್ದೀರಿ ಅಂತ.

ತಿರುಗುವುದೂ ಹಾಗೇ, ಮೊದಮೊದಲು ಉಲ್ಟಾ ಅನ್ನಿಸುತ್ತದೆ. ಸ್ಕೂಟರ್‌ನಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಕ್ಕೆ ವಾಲುತ್ತೇವೆ ಅಲ್ವಾ? ಇಲ್ಲಿ ಎಡಕ್ಕೆ ಹೋಗಬೇಕಾದರೆ ಬಲಗಾಲಿನ ಮೇಲೆ ಭಾರ ಹಾಕಬೇಕು. ಬಲಕ್ಕೆ ಹೋಗಲು ಎಡಗಾಲು. ಇದು ಮೈಗೆ ಹಿಡಿಯಲು ನನಗೆ ಎರಡು ದಿನ ಬೇಕಾಯಿತು.

ಮ್ಯೂನಿಕ್‌ನ ಮಲೆನಾಡಿನವಳು · ನವೆಂಬರ್ 21

ಮಗಳ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ನನ್ನ ಇಬ್ಬರು ಮಕ್ಕಳೂ ಗಾರ್ಮಿಶ್‌ನಲ್ಲಿ ಕಲಿತರು. ಇಲ್ಲಿ ಚಿಕ್ಕ ಮಕ್ಕಳಿಗೆ "ಪಿಜ್ಜಾ, ಪೊಮ್ಮೆಸ್" ಅಂತ ಕಲಿಸುತ್ತಾರೆ. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟರೆ ಪಿಜ್ಜಾ ತುಂಡು, ವೇಗ ತಗ್ಗುತ್ತದೆ. ಎರಡನ್ನೂ ಜೊತೆಯಾಗಿ ನೇರ ಇಟ್ಟರೆ ಆಲೂಗಡ್ಡೆ ಫ್ರೈಸ್, ಓಡುತ್ತದೆ.

13ರ ಹುಡುಗಿ ನಿಮಗಿಂತ ಎರಡು ದಿನ ಮುಂದೆ ಓಡುತ್ತಾಳೆ. ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ಅವಳ ಸರಿಸಮಕ್ಕೆ ಹೋಗಲು ನೀವು ಅವಸರ ಮಾಡಬೇಡಿ, ನಿಮಗಾಗಿ ಅವಳನ್ನು ನಿಲ್ಲಿಸಲೂ ಬೇಡಿ. ಉಸ್ತಾದರು ಇಬ್ಬರನ್ನೂ ಒಟ್ಟಿಗೆ ನೋಡಲು ಆಗದಿದ್ದರೆ ಮೂರನೇ ದಿನದಿಂದ ಅವಳಿಗೆ ಬೇರೆಯವರನ್ನು ಇಡಿ.

ಮತ್ತೆ ದಾರಿಯ ನಿಯಮ. ಇದನ್ನು ಅವಳಿಗೆ ವಿಮಾನದಲ್ಲೇ ಹೇಳಿಕೊಡಿ. ಕೆಳಗಿರುವವರಿಗೆ ಮೊದಲ ಹಕ್ಕು. ಹಿಂದಿನಿಂದ, ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ನಿಲ್ಲುವುದಾದರೆ ದಾರಿಯ ಅಂಚಿನಲ್ಲಿ ನಿಲ್ಲಬೇಕು, ದಿಬ್ಬದ ಮರೆಯಲ್ಲಿ ನಿಲ್ಲಬಾರದು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಿವೆ. ಹೆಲ್ಮೆಟ್ ಇಲ್ಲದೆ ಅವಳನ್ನು ಹಿಮಕ್ಕೆ ಬಿಡಬೇಡಿ. ಬಾಡಿಗೆಗೆ ಸಿಗುವುದು ಅನುಮಾನ ಅನ್ನಿಸಿದರೆ ಊರಿನಿಂದಲೇ ಒಯ್ಯಿರಿ.

ದಾವಣಗೆರೆ ಫಿಸಿಯೋ · ನವೆಂಬರ್ 22

ಮೇಡಂ, ಮಂಡಿ ಬಗ್ಗೆ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಮಂಡಿಯನ್ನು ನಾನು ನೋಡಿಲ್ಲ, ಹಳೆಯ ನೋವಿದ್ದರೆ ಮೊದಲು ಹತ್ತಿರದವರಿಗೆ ತೋರಿಸಿ. ನೋವಿಲ್ಲದಿದ್ದರೆ 44 ಅನ್ನುವುದು ತಡೆ ಅಲ್ಲ. ತಯಾರಿ ಇಲ್ಲದಿರುವುದು ತಡೆ. ನಿಮಗೆ ಇನ್ನೂ ಹತ್ತು ವಾರ ಇದೆ, ಅದು ಧಾರಾಳ.

ದಿನಾ ಬಸ್ಕಿ. ಹತ್ತರಿಂದ ಶುರು ಮಾಡಿ, ನಿಧಾನವಾಗಿ ಇಳಿಯಿರಿ, ನಿಧಾನವಾಗಿ ಏಳಿ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲಿ. ಮೊದಲ ವಾರ 20 ಸೆಕೆಂಡ್, ಕೊನೆಗೆ ಒಂದು ನಿಮಿಷ ದಾಟಬೇಕು. ಹಲ್ಲು ಉಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಮುಖ್ಯ. ತೊಡೆಯ ಮುಂದಿನ ಸ್ನಾಯು ಬ್ರೇಕ್ ಹಾಕುವುದನ್ನು ಕಲಿಯುವುದು ಅಲ್ಲೇ. ಯಜಮಾನರ ಜೊತೆ ವಾರಕ್ಕೊಮ್ಮೆ ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿದರೆ ಅದಕ್ಕಿಂತ ಒಳ್ಳೆಯ ಜಿಮ್ ಬೇಡ, ಹಾಸನದಿಂದ ದೂರವೂ ಅಲ್ಲ.

ಬೀಳುವುದರ ಬಗ್ಗೆ. ಸ್ಕೀಯಲ್ಲಿ ಮಂಡಿಯ ಒಳಗಿನ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಹಿಂದಕ್ಕೆ ಬೀಳುತ್ತಾ, ಒಂದು ಕಾಲು ತಿರುಚಿಕೊಂಡಾಗ. ಬೀಳುತ್ತೇನೆ ಅಂತ ಗೊತ್ತಾದರೆ ತಡೆಯಲು ಒದ್ದಾಡಬೇಡಿ. ಪಕ್ಕಕ್ಕೆ, ಸೊಂಟದ ಮೇಲೆ ಕೂತುಬಿಡಿ. ಜಾರುತ್ತಿರುವಾಗಲೇ ಏಳಲು ಹೋಗಬೇಡಿ, ಪೂರ್ತಿ ನಿಂತ ಮೇಲೆ ಏಳಿ. ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳದಿದ್ದರೆ ಒಳ್ಳೆಯದು, ಬಿದ್ದಾಗ ಹೆಬ್ಬೆರಳು ಉಳುಕುವುದಕ್ಕೆ ಅದೂ ಒಂದು ಕಾರಣ. ಮಂಡಿಯಲ್ಲಿ ಟಪ್ ಅಂತ ಸದ್ದಾಗಿ ಊದಿಕೊಂಡರೆ ಅಲ್ಲಿಗೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಒಂದು ಅಂಕಿ ಇರುತ್ತದೆ. ಬಿದ್ದಾಗ ಎಷ್ಟು ಸಲೀಸಾಗಿ ಬಿಚ್ಚಿಕೊಳ್ಳಬೇಕು ಅನ್ನುವುದು ಅದು. ನಿಮ್ಮ ತೂಕ, ಎತ್ತರ, ವಯಸ್ಸು ಕೇಳಿ ಅದನ್ನು ಹೊಂದಿಸಬೇಕು. ಕೇಳದೆ ಕೊಟ್ಟರೆ ನೀವೇ ಹೇಳಿ ಹೊಂದಿಸಿಕೊಳ್ಳಿ. ಮಗಳದ್ದನ್ನು ಎರಡು ಸಲ ನೋಡಿ.

ಕೊಡಗಿನ ಕಾಫಿ · ನವೆಂಬರ್ 23

ದಕ್ಷಿಣದವರಿಗೆ ಹಿಮದ ಆಟ ಯಾಕೆ ಅಂತ ಯಾರಾದರೂ ಕೇಳಿದರೆ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಖೇಲೋ ಇಂಡಿಯಾ ಕೂಟದಲ್ಲಿ ಚಿನ್ನ ಗೆದ್ದವರು. ಹಿಮವೇ ಬೀಳದ ಊರಿನಿಂದ ಹೋಗಿ! ಮಗಳಿಗೆ ಖಂಡಿತ ಹೇಳಿ ಅಕ್ಕ. ಗುಲ್ಮಾರ್ಗ್ ಕಡೆಯವರೇ ಆದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಆಟಗಾರ. ನೀವು ಕಲಿಯುವ ಆ ಇಳಿಜಾರುಗಳಲ್ಲೇ ಅವರೂ ಶುರು ಮಾಡಿದ್ದು.

ಹಾಸನದವಳು · ಫೆಬ್ರವರಿ 24

ಮೊನ್ನೆ ವಾಪಸ್ ಬಂದೆವು. ಹೇಳಿಕೊಟ್ಟ ನಿಮಗೆಲ್ಲ ಹೇಗಾಯಿತು ಅಂತ ಹೇಳದೆ ಇರಲು ಮನಸ್ಸು ಬರಲಿಲ್ಲ. ಸ್ವಲ್ಪ ಉದ್ದವಾಗುತ್ತದೆ.

ಮೊದಲ ದಿನ ಸುಮ್ನೆ ಓಡಾಡಿದೆವು. ನನಗೆ ಸಂಜೆ ತಲೆನೋವು ಬಂತು, ಎತ್ತರದ್ದೇ ಇರಬೇಕು. ನೀರು ಕುಡಿದು ಬೇಗ ಮಲಗಿದೆ, ಬೆಳಿಗ್ಗೆ ಸರಿಯಾಯಿತು.

ಎರಡನೇ ದಿನ ಬೂಟು. ಸಾಗರದ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಅಂಗಡಿಯವರು ಕೊಟ್ಟ ಮೊದಲ ಜೊತೆ ಆರಾಮಾಗಿತ್ತು. ವಾಪಸ್ ಕೊಟ್ಟು ಚಿಕ್ಕದು ಕೇಳಿದೆ. ಅವರು ನನ್ನನ್ನು ಒಮ್ಮೆ ನೋಡಿ, "ಯಾರು ಹೇಳಿಕೊಟ್ಟರು?" ಅಂತ ಹಿಂದಿಯಲ್ಲಿ ಕೇಳಿದರು. ನಮ್ಮ ಊರಿನವರು ಅಂದೆ.

ನಮ್ಮ ಉಸ್ತಾದರು ಟಂಗ್‌ಮಾರ್ಗ್ ಕಡೆಯವರು, ಅರವತ್ತರ ಹತ್ತಿರ. ಫೆರನ್ ನಿಲುವಂಗಿ ತೆಗೆದು ಜಾಕೆಟ್ ಹಾಕಿಕೊಂಡರೆ ಮೂವತ್ತರವರ ಹಾಗೆ ಓಡುತ್ತಾರೆ. ಮೊದಲ ಒಂದು ಗಂಟೆ ಜಾರಲೇ ಬಿಡಲಿಲ್ಲ. ಒಂದೇ ಕಾಲಿಗೆ ಸ್ಕೀ ಹಾಕಿಸಿ ನಡೆಸಿದರು. ಆಮೇಲೆ ಬೆಟ್ಟಕ್ಕೆ ಅಡ್ಡಡ್ಡ ನಿಂತು, ಏಣಿ ಹತ್ತುವ ಹಾಗೆ ಒಂದೊಂದೇ ಹೆಜ್ಜೆ ಮೇಲೆ ಹತ್ತಿಸಿದರು. ಬೂಟಿನ ಅಡಿಗೆ ಹಿಮ ಮೆತ್ತಿಕೊಂಡರೆ ಬೈಂಡಿಂಗ್ ಕಚ್ಚುವುದಿಲ್ಲ. ಪ್ರತಿ ಸಲ ಕೋಲಿನಿಂದ ಕೆರೆದು, ಟಕ್ ಅನ್ನುವ ಸದ್ದು ಬಂದ ಮೇಲೇ ಮುಂದಕ್ಕೆ. ಅವತ್ತು ಇಪ್ಪತ್ತು ಸಲವಾದರೂ ಬಿದ್ದೆ. ಪಕ್ಕಕ್ಕೇ ಬಿದ್ದೆ, ಫಿಸಿಯೋ ಅವರೇ.

ಮೂರನೇ ದಿನ ಇಡೀ ದಿನ ಹಿಮ. ಗೊಂಡೊಲಾ ನಿಲ್ಲಿಸಿದ್ದರು, ರಸ್ತೆಯೂ ಬಂದ್. ಹಿಮ ಬೀಳುವಾಗ ಸದ್ದೇ ಇರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಮಳೆ ಹೆಂಚಿನ ಮೇಲೆ ಎಷ್ಟು ಗಲಾಟೆ ಮಾಡುತ್ತದೆ! ಮಧ್ಯಾಹ್ನ ಎರಡು ಗಂಟೆ ಮಾತ್ರ ಹೊರಗೆ ಹೋದೆವು. ಹೊಸ ಹಿಮದಲ್ಲಿ ಸ್ಕೀ ಮುಳುಗುತ್ತಿತ್ತು, ತಿರುಗಲು ಆಗಲೇ ಇಲ್ಲ. ಮಗಳು ಆಗಲೇ ಎಳೆಯುವ ಲಿಫ್ಟ್ ಹಿಡಿದು ಮೇಲೆ ಹೋಗಿ ಬರುತ್ತಿದ್ದಳು. ನಾನು ಕೆಳಗೆ ನಿಂತು ಅತ್ತುಬಿಟ್ಟೆ. ಕನ್ನಡಕದ ಒಳಗೆ ಅತ್ತರೆ ಅದು ಮಂಜುಗಟ್ಟುತ್ತದೆ.

ನಾಲ್ಕನೇ ದಿನ ಬಿಸಿಲು. ಉಸ್ತಾದರು ನನ್ನ ಎರಡೂ ಕೋಲು ತೆಗೆದುಕೊಂಡರು. ಜೋಡಿಸಿ, ಅಡ್ಡಲಾಗಿ ನನ್ನ ಎರಡು ಅಂಗೈಗಳ ಮೇಲೆ ಇಟ್ಟರು. "ಇದು ಚಹಾದ ತಟ್ಟೆ. ಚೆಲ್ಲಬಾರದು. ನನ್ನ ಹತ್ತಿರ ತಗೊಂಡು ಬಾ" ಅಂದು ಇಳಿದುಹೋಗಿ ಕೆಳಗೆ ನಿಂತರು.

ನನಗೆ ತಕ್ಷಣ ನೆನಪಾಗಿದ್ದು ಮದುವೆ ಮನೆ. ಬೀಗರಿಗೆ ಪಾನಕದ ತಟ್ಟೆ ಹಿಡಿದು, ಸೀರೆ ನೆರಿಗೆ ತುಳಿಯದೆ, ಜನರ ನಡುವೆ ಎಷ್ಟು ಸಲ ನಡೆದಿಲ್ಲ ನಾನು! ಕೈ ಮುಂದಿತ್ತು, ಕಣ್ಣು ಉಸ್ತಾದರ ಮೇಲಿತ್ತು. ಮೈ ಹಿಂದಕ್ಕೆ ವಾಲಲಿಲ್ಲ. ಕಾಲಿನ ಮುಂದಿನ ಎಲುಬು ಬೂಟಿಗೆ ಒತ್ತಿತ್ತು. ಬಲಗಾಲಿಗೆ ಭಾರ ಹಾಕಿದೆ, ಎಡಕ್ಕೆ ಬಂತು. ಎಡಗಾಲಿಗೆ ಹಾಕಿದೆ, ಬಲಕ್ಕೆ ಬಂತು. ನಾಲ್ಕು ತಿರುವು. ಅವರ ಮುಂದೆ ಬಂದು ನಿಂತೆ. ಅವರು ಕೋಲುಗಳ ಮೇಲಿಂದ ಚಹಾ ಎತ್ತಿಕೊಂಡು ಕುಡಿದ ಹಾಗೆ ಮಾಡಿ, "ಬಿಸಿ ಇದೆ" ಅಂದರು.

ಐದನೇ ದಿನ ಗಾಲ್ಫ್ ಮೈದಾನದ ಇಳಿಜಾರನ್ನು ಹನ್ನೊಂದು ಸಲ ಇಳಿದೆ. ಮಗಳು ಉಸ್ತಾದರ ಜೊತೆ ಕೊಂಗ್‌ಡೂರಿಯಿಂದ ಮರಗಳ ನಡುವಿನ ದಾರಿಯಲ್ಲಿ ಇಳಿದು ಬಂದಳು. ನಾನು ಎರಡನೇ ಹಂತಕ್ಕೆ ಹೋಗಿ, ನೋಡಿ, ಗೊಂಡೊಲಾದಲ್ಲೇ ವಾಪಸ್ ಬಂದೆ.

ಸನ್ನಿವೇಲ್‌ನಲ್ಲಿರುವ ಸಾಗರದವ · ಫೆಬ್ರವರಿ 24

ಆಫೀಸಿನಲ್ಲಿ ಕೂತು ಓದಿ ಕಣ್ಣು ತುಂಬಿ ಬಂತು ಅಕ್ಕ. ಈ ವಾರ ನನ್ನ ಹೆಂಡತಿಗೂ ಪಾನಕದ ತಟ್ಟೆ ಹಿಡಿಸುತ್ತೇನೆ. ಮೂರು ವರ್ಷದಿಂದ ಹಿಂದಕ್ಕೇ ವಾಲುತ್ತಿದ್ದಾಳೆ.

ಬಸವನಗುಡಿ ಹುಡುಗ · ಫೆಬ್ರವರಿ 25

ಮುಂದಿನ ವರ್ಷ ಸಂಸ್ಥೆಯ ಕೋರ್ಸ್‌ಗೆ ಅರ್ಜಿ ಬೇಗ ಹಾಕಿ. ತಾರೀಕು ಬಂದ ಕೂಡಲೇ ಇಲ್ಲಿ ತಿಳಿಸುತ್ತೇನೆ.

ತುಮಕೂರು ತಮ್ಮ · ಫೆಬ್ರವರಿ 27

ಅಕ್ಕ, ಇದನ್ನು ಓದಿ ನನಗೂ ಆಸೆ ಹುಟ್ಟಿದೆ. ಮಾರ್ಚ್ ಎರಡನೇ ವಾರ ಹೋದರೆ ಹಿಮ ಇರುತ್ತದಾ? ಏನೇನು ಕೊಂಡುಕೊಳ್ಳಬೇಕು?

ಹಾಸನದವಳು · ಫೆಬ್ರವರಿ 27

ಮಾರ್ಚ್‌ನಲ್ಲಿ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಬಿಸಿಲಿಗೆ ಕರಗಿ ಒದ್ದೆ ಮರಳಿನ ಹಾಗೆ ಆಗುತ್ತದೆ ಅಂತ ಉಸ್ತಾದರು ಹೇಳುತ್ತಿದ್ದರು. ಹೋಗುವುದಾದರೆ ಬೆಳಗಿನ ಹೊತ್ತನ್ನು ಕಳೆದುಕೊಳ್ಳಬೇಡಿ. ಸ್ಕೀ, ಬೂಟು ಏನೂ ಕೊಳ್ಳಬೇಡಿ ತಮ್ಮಾ, ಬಾಡಿಗೆ ಸಾಕು. ಉದ್ದ ಉಣ್ಣೆ ಕಾಲುಚೀಲ ಎರಡು ಜೊತೆ ತಗೊಳ್ಳಿ, ಒಂದು ಒಣಗುವಾಗ ಇನ್ನೊಂದು. ಕೈಗವಸೂ ಹಾಗೇ. ಮುಖಕ್ಕೆ, ಕಿವಿಯ ಹಿಂದೆ, ಮೂಗಿನ ಕೆಳಗೆ ಸನ್‌ಸ್ಕ್ರೀನ್. ಬಿಸಿಲು ಹಿಮಕ್ಕೆ ಬಡಿದು ಕೆಳಗಿನಿಂದಲೂ ಬರುತ್ತದೆ. ನಾನು ಮೂಗಿನ ಕೆಳಗೆ ಮರೆತಿದ್ದೆ, ಇನ್ನೂ ಸಿಪ್ಪೆ ಏಳುತ್ತಿದೆ. ಬಸ್ಕಿ ಇವತ್ತೇ ಶುರು ಮಾಡಿ.